ಮೂರು ಪದಗಳಿಗೆ ಒಂದೇ ಅರ್ಥ ಬರೆದುಕೊಂಡಿದ್ದೆ

ಕನ್ನಡ ಮಾಧ್ಯಮದಲ್ಲಿ ಓದಿದವರು, ದಿನಕ್ಕೆ 30 ಪದಗಳಂತೆ ಬಾಯಿಪಾಠ ಮಾಡುತ್ತಿದ್ದೀರಿ, ಆರು ತಿಂಗಳಲ್ಲಿ ಉನ್ನತ ಮಟ್ಟದ ಇಂಗ್ಲಿಷ್ ಪದಸಂಪತ್ತು ಕೈಸೇರಬೇಕಾದರೆ ಯಾವ ಪಟ್ಟಿ ಒಳ್ಳೆಯದು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನೂ ಒಂದು ಕಾಲದಲ್ಲಿ ಸಿಕ್ಕಸಿಕ್ಕವರಲ್ಲಿ ಕೇಳಿಕೊಂಡು ತಿರುಗಿದವನು.

ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿದ ನನಗೆ, ಪಿಯುಸಿ ತರಗತಿಯಲ್ಲಿ ಕೇಳಿದ ‘ಫೋಟೋಸಿಂಥೆಸಿಸ್’ ಎಂಬುದು ಚಿತ್ರಸಹಿತ ಉತ್ತರ ಬರೆದು ಬಂದಿದ್ದ ದ್ಯುತಿಸಂಶ್ಲೇಷಣೆಯೇ ಎಂದು ಗೊತ್ತಾಗಲು ಎರಡು ದಿನ ಹಿಡಿಯಿತು. ಆ ದಿನಗಳ ಕೀಳರಿಮೆ ಎಂಜಿನಿಯರಿಂಗ್ ಮುಗಿಯುವವರೆಗೂ ಬಿಡಲಿಲ್ಲ. 2009ರಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಿಂದ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗಕ್ಕೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಯ 3,500 ಪದಗಳ ಪಟ್ಟಿಯಿದ್ದ ಪುಸ್ತಕವನ್ನು ತಂದೆ. ಅಮೆರಿಕಕ್ಕೆ ಹೋಗುವ ಹಣವಾಗಲಿ ಯೋಚನೆಯಾಗಲಿ ನನಗಿರಲಿಲ್ಲ. ದೊಡ್ಡ ಪದಗಳು ಬಂದರೆ ದೊಡ್ಡವರ ನಡುವೆ ಕುಳಿತುಕೊಳ್ಳಬಹುದು ಎಂಬ ನಂಬಿಕೆಯಷ್ಟೇ ಇತ್ತು.

ನನ್ನ ತಪ್ಪು ಆಗಿದ್ದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇನ್ನೂರು ಪುಟದ ನೋಟ್‌ಬುಕ್ಕಿನ ಪ್ರತಿ ಪುಟದ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಪದವನ್ನೂ ಬಲಕ್ಕೆ ಅದರ ಕನ್ನಡ ಅರ್ಥವನ್ನೂ ಬರೆಯುತ್ತಿದ್ದೆ. ಅರ್ಥವೆಂದರೆ ಒಂದೇ ಒಂದು ಪದ. ಎರಡನೆಯ ಪದ ಬರೆದರೆ ನೆನಪಿಡುವುದು ಕಷ್ಟವೆಂದು ಬೇಕೆಂದೇ ಬಿಟ್ಟುಬಿಡುತ್ತಿದ್ದೆ. ‘ಅಪ್ಯಾರೆಂಟ್‌ಲಿ’, ‘ಸೀಮಿಂಗ್‌ಲಿ’, ‘ಆಸ್ಟೆನ್ಸಿಬ್ಲಿ’ ಎಂಬ ಮೂರನ್ನು ಒಂದರ ಕೆಳಗೊಂದು ಬರೆದು, ಬಲಗಡೆ ಆವರಣ ಹಾಕಿ, ಮೂರಕ್ಕೂ ಸೇರಿಸಿ ‘ಮೇಲ್ನೋಟಕ್ಕೆ’ ಎಂದು ಒಮ್ಮೆ ಬರೆದುಕೊಂಡೆ. ಒಂದೇ ಏಟಿಗೆ ಮೂರು ಪದ ಬಂದವೆಂದು ಅಂದು ಹಿಗ್ಗಿದ್ದೂ ನೆನಪಿದೆ.

ಐದು ವರ್ಷಗಳ ನಂತರ, ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಗ್ಲೆಂಡಿನ ವಿಮಾ ಸಂಸ್ಥೆಯೊಂದರ ದಾಖಲೆಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದಾಗ, ಆ ಸಂಸ್ಥೆಯವರಿಗೆ ಮೊದಲ ಬಾರಿ ನಾನೇ ಇ-ಮೇಲ್ ಬರೆಯುವ ಸಂದರ್ಭ ಬಂತು. ‘ನೀವು ಕಳಿಸಿದ ದಾಖಲೆಗಳು ಮೇಲ್ನೋಟಕ್ಕೆ ಪೂರ್ಣವಾಗಿವೆ, ಪರಿಶೀಲಿಸಿ ತಿಳಿಸುತ್ತೇವೆ’ ಎಂಬುದು ನನ್ನ ಮನಸ್ಸಿನಲ್ಲಿದ್ದ ವಾಕ್ಯ. ‘ಮೇಲ್ನೋಟಕ್ಕೆ’ ಎನ್ನುವಲ್ಲಿ ಮೂರರ ಪೈಕಿ ಹೆಚ್ಚು ಗತ್ತಿನದಾಗಿ ಕಂಡ ‘ಆಸ್ಟೆನ್ಸಿಬ್ಲಿ’ಯನ್ನು ಆರಿಸಿದೆ. ಆ ಪದದೊಳಗೆ ಒಂದು ಅನುಮಾನ ಅಡಗಿದೆ: ಹೊರಗೆ ಹೇಳಿಕೊಳ್ಳುತ್ತಿರುವುದು ಒಂದು, ಒಳಗಿನ ನಿಜ ಬೇರೆಯೇ ಇರಬಹುದು ಎಂಬ ಧ್ವನಿ. ಕನ್ನಡದಲ್ಲಿ ಅದಕ್ಕೆ ಹತ್ತಿರದ್ದು ‘ತೋರಿಕೆಗೆ’. ಮಗಳ ಮದುವೆಗೆ ಕರೆಯಲು ಬಂದವರು ತೋರಿಕೆಗೆ ಲಗ್ನಪತ್ರಿಕೆ ಕೊಟ್ಟರು, ಬಂದದ್ದು ಸಾಲ ಕೇಳುವುದಕ್ಕೆ ಎನ್ನುತ್ತೇವಲ್ಲ, ಆ ತೋರಿಕೆ. ‘ನಿಮ್ಮ ದಾಖಲೆಗಳು ಪೂರ್ಣವಾಗಿವೆಯೆಂದು ನೀವು ತೋರಿಸಿಕೊಳ್ಳುತ್ತಿದ್ದೀರಿ’ ಎಂದು ನಾನು ಗಿರಾಕಿಗೆ ಬರೆದಂತಾಗಿತ್ತು.

ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ನಮ್ಮ ಮ್ಯಾನೇಜರ್ ಕರೆದು, ‘ಅವರು ಸುಳ್ಳು ಹೇಳ್ತಿದ್ದಾರೆ ಅಂತ ನಿಮಗೆ ಯಾಕೆ ಅನ್ನಿಸ್ತು?’ ಎಂದು ಕೇಳಿದಾಗಲೂ ಅವರು ಯಾವುದರ ಬಗ್ಗೆ ಮಾತಾಡುತ್ತಿದ್ದಾರೆಂದು ನನಗೆ ಹೊಳೆಯಲಿಲ್ಲ. ಒಂದು ವರ್ಷ ಗಿರಾಕಿಗಳಿಗೆ ನೇರವಾಗಿ ಬರೆಯುವ ಕೆಲಸದಿಂದ ನನ್ನನ್ನು ದೂರವಿಟ್ಟರು. ನನಗೆ ಬರಬೇಕಿದ್ದ ಆರು ತಿಂಗಳ ಇಂಗ್ಲೆಂಡ್ ಅವಕಾಶ ಪಕ್ಕದ ಮೇಜಿನವರಿಗೆ ಹೋಯಿತು. ಹೈಸ್ಕೂಲಿನಲ್ಲೇ ಕಲಿತಿದ್ದ ‘ಸೀಮ್’ ಎಂಬ ನಾಲ್ಕಕ್ಷರದ ಪದ ಆ ವಾಕ್ಯಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು.

ಹೊರಗಿನವರೊಬ್ಬರು ನಮ್ಮ ಭಾಷೆಯನ್ನು ಹೀಗೆ ಕಲಿತರೆ ಏನಾಗುತ್ತದೆಂದು ಊಹಿಸಿ ನೋಡಿ. ಲಿಂಗೈಕ್ಯರಾದರು, ತೀರಿಕೊಂಡರು, ಸತ್ತರು, ಗೊಟಕ್ಕೆಂದರು ಎಂಬ ನಾಲ್ಕನ್ನೂ ಒಂದೇ ಆವರಣದಲ್ಲಿ ಹಾಕಿಕೊಂಡ ಪುಣ್ಯಾತ್ಮ, ‘ತಮ್ಮ ತಂದೆಯವರು ಗೊಟಕ್ಕೆಂದ ಸುದ್ದಿ ತಿಳಿದು ದುಃಖವಾಯಿತು’ ಎಂದು ಪತ್ರ ಬರೆದಾನು. ಅವನಿಗೆ ಪದ ಗೊತ್ತು, ಅರ್ಥವೂ ಗೊತ್ತು.

ಆದ್ದರಿಂದ ಯಾವ ಪಟ್ಟಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ನಂಬಿರುವಂಥ ಪಟ್ಟಿಗಳು ಜಿಆರ್‌ಇಯಂಥ ಪರೀಕ್ಷೆಯ ಸಲುವಾಗಿ ಹುಟ್ಟಿದವು; ಜಿಆರ್‌ಇಯೇ 2011ರ ಆಗಸ್ಟ್‌ನಲ್ಲಿ ವಿರುದ್ಧಪದ ಮತ್ತು ಪದಸಾದೃಶ್ಯದ (ಎರಡು ಪದಗಳ ನಡುವಿನ ಸಂಬಂಧ ಗುರುತಿಸುವ) ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯದೊಳಗೆ ಪದವನ್ನು ತುಂಬಿಸುವ ಪ್ರಶ್ನೆಗಳ ಕಡೆಗೆ ವಾಲಿತು. ಉನ್ನತ ಪದಸಂಪತ್ತು ಎಂದರೆ ಅಪರೂಪದ ಪದಗಳ ರಾಶಿಯಲ್ಲ. ‘ಟೇಬಲ್’ ಎಂಬ ಪದ ನಮ್ಮ ಊರಿನ ಹೋಟೆಲಿನಲ್ಲೂ ಇದೆ. ಆದರೆ ಅದೇ ಪದ ಕ್ರಿಯಾಪದವಾದಾಗ ಬ್ರಿಟಿಷರಿಗೆ ‘ಚರ್ಚೆಗೆ ಮಂಡಿಸು’ ಎಂದೂ ಅಮೆರಿಕನ್ನರಿಗೆ ‘ಸದ್ಯಕ್ಕೆ ಬದಿಗಿಡು’ ಎಂದೂ ಆಗುತ್ತದೆಂಬ ಅರಿವು, ಯಾವುದೋ ಹದಿನಾಲ್ಕು ಅಕ್ಷರದ ಪದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪಟ್ಟಿ ಬೇಕೇ ಬೇಕೆಂದರೆ, ನ್ಯೂಜಿಲೆಂಡಿನ ಭಾಷಾವಿದ್ವಾಂಸೆ ಎವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ಪದಪಟ್ಟಿಯನ್ನು ನೋಡಿ. ಅದರಲ್ಲಿರುವುದು 570 ಪದಕುಟುಂಬಗಳು, ಅಂದರೆ ಒಂದೇ ಮೂಲದ ಪದಗಳ ಗುಂಪುಗಳು ಮಾತ್ರ. ‘ಅಸ್ಯೂಮ್’, ‘ಡಿರೈವ್’, ‘ಎಸ್ಟಾಬ್ಲಿಷ್’, ‘ಇಂಪ್ಲೈ’ ಮುಂತಾದ, ನಿಮಗೆ ಅರ್ಧ ಗೊತ್ತಿರುವ ಪದಗಳೇ ಹೆಚ್ಚು. ಆ ಅರ್ಧವನ್ನು ಪೂರ್ತಿ ಮಾಡಿಕೊಳ್ಳಿ. ನಿಘಂಟಿನ ವಿಷಯದಲ್ಲಿ, 1987ರಲ್ಲಿ ಮೊದಲು ಬಂದ, ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ಕೋಬಿಲ್ಡ್ ಎಂಬ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಅರ್ಥವನ್ನು ತುಂಡುತುಂಡಾಗಿ ಕೊಡದೆ ಇಡೀ ವಾಕ್ಯದಲ್ಲಿ ವಿವರಿಸುತ್ತದೆ. ಯಾರು, ಯಾವಾಗ, ಯಾವ ಧಾಟಿಯಲ್ಲಿ ಆ ಪದ ಆಡುತ್ತಾರೆಂಬುದು ಅಲ್ಲಿಯೇ ಸಿಗುತ್ತದೆ. ಕನ್ನಡ ಅರ್ಥ ನೋಡಲೇಬಾರದು ಎನ್ನುವ ಇಂಗ್ಲಿಷ್ ಮೇಷ್ಟ್ರುಗಳ ಮಾತನ್ನು ಮಾತ್ರ ಕೇಳಬೇಡಿ. ಕನ್ನಡದಲ್ಲಿ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ.

ನಾನೀಗ ಮಾಡುವುದು ಇಷ್ಟೇ. ನನ್ನ ಕೆಲಸಕ್ಕೆ ಸಂಬಂಧಿಸಿದ ಬರಹಗಳನ್ನೇ ಓದುತ್ತೇನೆ. ಒಂದು ಪದ ಮೂರು ಬೇರೆ ಬೇರೆ ಕಡೆ ಎದುರಾಗುವವರೆಗೆ ಬರೆದುಕೊಳ್ಳುವುದಿಲ್ಲ. ಬರೆದುಕೊಂಡಾಗ ಮೂರೂ ವಾಕ್ಯಗಳನ್ನು ಪೂರ್ತಿಯಾಗಿ ನಕಲು ಮಾಡುತ್ತೇನೆ. ಹೀಗೆ ವಾರಕ್ಕೆ ನಾಲ್ಕೈದು ಪದಗಳಾದರೆ ಹೆಚ್ಚು. ನಿಮ್ಮ ದಿನಕ್ಕೆ ಮೂವತ್ತರ ಲೆಕ್ಕಕ್ಕೆ ಇದು ಎಲ್ಲಿಯೂ ಸಾಟಿಯಾಗುವುದಿಲ್ಲ, ಆರು ತಿಂಗಳಲ್ಲಿ ಮುಗಿಯುವುದೂ ಇಲ್ಲ. ನಾಳೆ ಬೆಳಿಗ್ಗೆ ಹೊಸ ಮೂವತ್ತು ಪದಗಳನ್ನು ತೆರೆಯುವ ಬದಲು, ಈಗಾಗಲೇ ತುಂಬಿಸಿರುವ ಪುಟಗಳನ್ನು ತಿರುವಿ, ಒಂದೇ ಕನ್ನಡ ಅರ್ಥವನ್ನು ಎಷ್ಟು ಪದಗಳ ಎದುರು ಬರೆದಿದ್ದೀರಿ ಎಂದು ಎಣಿಸಿ ನೋಡಿ.