ಶಿಕಾಗೋಗೆ ಹೊಸದಾಗಿ ಬಂದಿರೋರು ಹೊಸ ಮಿನಿವ್ಯಾನ್ ತಗೋಬೇಕಾ?

ಬಂದು ಏಳು ತಿಂಗಳಾಯ್ತು, ಆರು ವರ್ಷದ ಮಗಳು, ಹತ್ತು ತಿಂಗಳ ಮಗ, ಬೇಸಿಗೆಗೆ ಅಪ್ಪ ಅಮ್ಮ ಆರು ತಿಂಗಳಿಗೆ ಬರ್ತಿದ್ದಾರೆ, ಈಗಿರೋ ಹಳೇ ಕ್ಯಾಮ್ರಿಲಿ ಆರು ಜನ ಹಿಡಿಯಲ್ಲ, ಹೊಸ ಟೊಯೋಟಾ ಸಿಯೆನ್ನಾ ಮಿನಿವ್ಯಾನ್ ತಗೊಳ್ಳೋಣ ಅಂತಿದ್ದೀನಿ, ಮನೆಯವರು ಎಸ್‌ಯುವಿ ಅಂತಿದ್ದಾರೆ, ಅಕ್ಕಾ ನೀವೇನ್ ಹೇಳ್ತೀರಾ ಅಂತ ಕೇಳಿದ್ರಿ. ಮೊದ್ಲೇ ಹೇಳ್ಬಿಡ್ತೀನಿ. ವ್ಯಾನೇ ಸರಿ, ಎಸ್‌ಯುವಿ ಬೇಡ. ಆದ್ರೆ ಈ ವರ್ಷ ಹೊಸದು ಬೇಡ. ಯಾಕೆ ಅಂತ ಹೇಳ್ತೀನಿ ಕೇಳಿ.

ಎಸ್‌ಯುವಿ ವಿಷಯ ಮೊದ್ಲು. ಊರಲ್ಲಿ ಮನೆ ಮುಂದೆ ಇನ್ನೋವಾ ನಿಂತ್ರೆ ಅದೊಂದು ಮರ್ಯಾದೆ, ಇಲ್ಲಿ ಮಿನಿವ್ಯಾನ್ ಅಂದ್ರೆ ತುಂಬಾ ಜನ ಮೂಗು ಮುರೀತಾರೆ. 2000ರ ಹೊತ್ತಿಗೆ ಈ ದೇಶದಲ್ಲಿ ವರ್ಷಕ್ಕೆ ಹದಿಮೂರು ಲಕ್ಷದ ಮೇಲೆ ಮಿನಿವ್ಯಾನ್ ಹೋಗ್ತಿತ್ತು, ಆಮೇಲೆ ಎಲ್ಲಾರೂ ಎಸ್‌ಯುವಿ ಹಿಂದೆ ಬಿದ್ರು, ಈಗ ಮುಖ್ಯವಾಗಿ ಉಳಿದಿರೋದು ಸಿಯೆನ್ನಾ, ಹೊಂಡಾ ಒಡಿಸ್ಸಿ, ಕ್ರೈಸ್ಲರ್ ಪೆಸಿಫಿಕಾ, ಕಿಯಾ ಕಾರ್ನಿವಲ್ ಅಷ್ಟೇ. ಫೋಕ್ಸ್‌ವ್ಯಾಗನ್‌ದು ಎಲೆಕ್ಟ್ರಿಕ್ ಬಝ್ ಬಂತು, ನೋಡೋಕೆ ಬಹಳ ಚೆಂದ, ಆದ್ರೆ 60 ಸಾವಿರ ಡಾಲರ್ ಕೊಟ್ಟು 234 ಮೈಲಿ ರೇಂಜ್ ಅಂದ್ರೆ, ಅದೂ ನಮ್ಮ ಜನವರಿ ಚಳಿಲಿ ಅಷ್ಟೂ ಸಿಗಲ್ಲ, ನಿಮ್ಮ ಪರಿಸ್ಥಿತಿಗೆ ಅದನ್ನ ಬಿಟ್ಬಿಡಿ.

ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿ, ಶೋರೂಮಿಗೆ ಹೋದಾಗ ಮುಂದಿನ ಸೀಟಲ್ಲಿ ಕೂತು ನೋಡೋದು ಬೇಡ, ನಿಮ್ಮ ಮಕ್ಕಳ ಎರಡು ಕಾರ್ ಸೀಟ್ ಜೊತೆಗೇ ತಗೊಂಡು ಹೋಗಿ ಎರಡನೇ ಸಾಲಲ್ಲಿ ಬಿಗಿದು ಆಮೇಲೆ ಮೂರನೇ ಸಾಲಿಗೆ ಹತ್ತಿ ನೋಡಲಿ. ತುಂಬಾ ಎಸ್‌ಯುವಿಲಿ ಎರಡನೇ ಸಾಲಿನ ಸೀಟ್ ಮಡಚಿದ್ರೇ ಹಿಂದಕ್ಕೆ ದಾರಿ, ಆದ್ರೆ ಮಗು ಸೀಟ್ ಬಿಗಿದಿದ್ರೆ ಸಾಮಾನ್ಯವಾಗಿ ಅದನ್ನ ಮಡಚೋಕಾಗಲ್ಲ. ನಮ್ಮ ಇಲಿನಾಯ್ ರಾಜ್ಯದಲ್ಲಿ 2019ರಿಂದ ಎರಡು ವರ್ಷದೊಳಗಿನ ಮಗೂನ ಹಿಂದಕ್ಕೆ ಮುಖ ಮಾಡಿಯೇ ಕೂರಿಸ್ಬೇಕು (40 ಪೌಂಡ್ ತೂಕ ಅಥವಾ 40 ಇಂಚು ಎತ್ತರ ದಾಟಿದ್ರೆ ಮಾತ್ರ ವಿನಾಯ್ತಿ), ಎಂಟು ವರ್ಷದೊಳಗಿನವರಿಗೆ ಕಾರ್ ಸೀಟೋ ಬೂಸ್ಟರೋ (ಬೆಲ್ಟ್ ಸರಿಯಾಗಿ ಕೂರೋ ಹಾಗೆ ಮಗೂನ ಎತ್ತರಿಸೋ ಸೀಟು) ಕಡ್ಡಾಯ, ಅಂದ್ರೆ ನಿಮ್ಮಿಬ್ರು ಮಕ್ಕಳ ಸೀಟೂ ಇನ್ನೂ ಸುಮಾರು ದಿನ ಗಾಡೀಲೇ ಇರತ್ತೆ. ವ್ಯಾನಲ್ಲಿ ಏಳು ಸೀಟಿಂದು ತಗೊಂಡ್ರೆ ಮಧ್ಯದ ಎರಡು ಸೀಟ್ ನಡುವೆ ಓಣಿ ಇರತ್ತೆ, ಮಗು ಸೀಟ್ ಮುಟ್ಟದೇ ಹಿಂದೆ ಹೋಗಿ ಕೂರಬಹುದು. ಎಂಟು ಸೀಟಿಂದು ಬೇಡ, ಒಬ್ರು ಜಾಸ್ತಿ ಹಿಡೀತಾರೆ ಅಂತ ಆಸೆ ಪಟ್ಟು ಆ ಓಣಿ ಕಳ್ಕೊಂಡ್ರೆ ದಿನಾ ಕಷ್ಟ.

ಇನ್ನು ನಿಮ್ಮ ಅಮ್ಮ. ಸೀರೆ ಉಟ್ಕೊಂಡು, ಮಂಡಿ ನೋವಿರೋರು, ಎತ್ತರದ ಎಸ್‌ಯುವಿಗೆ ಮೇಲೆ ಹಿಡ್ಕೊಂಡು ಕಾಲೆತ್ತಿ ಹತ್ತೋದನ್ನ ನೋಡಿದ್ರೆ ಹೊಟ್ಟೆ ಚುರುಕ್ ಅನ್ನತ್ತೆ. ನಮ್ಮತ್ತೆ ಬಂದಾಗ ಇದನ್ನ ನಾನು ದಿನಾ ಕಂಡಿದ್ದೀನಿ, ಸ್ನೇಹಿತರ ಎಸ್‌ಯುವಿಲಿ ಹೋಗೋದು ಅಂದ್ರೆ "ನಾನು ಮನೇಲೇ ಇರ್ತೀನಿ ನೀವು ಹೋಗ್ಬನ್ನಿ" ಅನ್ನೋರು, ನಮ್ಮ ವ್ಯಾನಿಗೆ ಮಾತ್ರ ತಾವೇ ಬಂದು ಕೂರೋರು. ವ್ಯಾನಿನ ನೆಲ ತಗ್ಗು, ಬಾಗಿಲು ಪಕ್ಕಕ್ಕೆ ಸರಿಯತ್ತೆ, ಒಂದೇ ಹೆಜ್ಜೆ. ಅರೋರಾ ಬಾಲಾಜಿ ದೇವಸ್ಥಾನದ ಪಾರ್ಕಿಂಗಲ್ಲಿ ಹಬ್ಬದ ದಿನ ಗಾಡಿಗಳು ಒತ್ತೊತ್ತಾಗಿ ನಿಂತಿರ್ತವಲ್ಲ, ಅಲ್ಲಿ ಮಕ್ಕಳು ಬಾಗಿಲು ಧಡ್ ಅಂತ ತೆಗೆದು ಪಕ್ಕದ ಕಾರಿಗೆ ಹೊಡೆಯೋ ಭಯಾನೂ ಇಲ್ಲ. ಒಂದು ಮಾತ್ರ ನಡೆಸಿಕೊಡಿ, ಅಪ್ಪ ಅಮ್ಮನ್ನ ಮೂರನೇ ಸಾಲಿಗೆ ಕಳಿಸ್ಬೇಡಿ. ಅಪ್ಪ ಮುಂದೆ ನಿಮ್ಮ ಪಕ್ಕ, ಅಮ್ಮ ಎರಡನೇ ಸಾಲಲ್ಲಿ ಮೊಮ್ಮಗನ ಪಕ್ಕ, ನಿಮ್ಮ ಮನೆಯವರು ಮಗಳ ಜೊತೆ ಹಿಂದೆ. ಆ ಹಿಂದಿನ ಸಾಲು ದೊಡ್ಡೋರು ಕೂರೋ ಹಾಗಿದೆಯಾ ಅನ್ನೋದೇ ನೀವು ನೋಡ್ಬೇಕಾದ ದೊಡ್ಡ ವಿಷಯ, ಹೊರಗಿನ ಅಂದ ಅಲ್ಲ.

ಸಾಮಾನಿಗೆ ಬನ್ನಿ. ಬಿಡದಿಲಿ ತಯಾರಾಗೋ ಇನ್ನೋವಾ ಹೈಕ್ರಾಸ್ ಸುಮಾರು 4.75 ಮೀಟರ್ ಉದ್ದ, ಸಿಯೆನ್ನಾ 5.17. ಎಲ್ಲಾ ಸೀಟಲ್ಲೂ ಜನ ಕೂತಾಗ ಇನ್ನೋವಾ ಡಿಕ್ಕಿಲಿ ಎರಡು ಬ್ಯಾಗ್ ಇಟ್ಟು ಉಳಿದಿದ್ದನ್ನ ಮೇಲೆ ಕ್ಯಾರಿಯರ್‌ಗೆ ಹಗ್ಗ ಕಟ್ತೀವಲ್ಲ, ಇಲ್ಲಿ ಆ ತಾಪತ್ರಯ ಇರಲ್ಲ, ಮೂರನೇ ಸಾಲಿನ ಹಿಂದೆ ಆಳವಾದ ಗುಂಡಿ ಇರತ್ತೆ. ಸಿಯೆನ್ನಾದಲ್ಲಿ ಆ ಜಾಗ 33.5 ಘನ ಅಡಿ, ಕಾರ್ನಿವಲ್‌ನಲ್ಲಿ 40, ಅದೇ ಟೊಯೋಟಾದ ಹೈಲ್ಯಾಂಡರ್ ಎಸ್‌ಯುವಿಲಿ ಬರೀ 16. ಅಪ್ಪ ಅಮ್ಮ ತರೋ 23 ಕೇಜಿದು ನಾಲ್ಕು ಸೂಟ್‌ಕೇಸ್, ಅದ್ರಲ್ಲಿ ಅರ್ಧ ಚಟ್ನಿಪುಡಿ ಹಪ್ಪಳ ಉಪ್ಪಿನಕಾಯಿ, ಓಹೇರ್ ಏರ್‌ಪೋರ್ಟಲ್ಲಿ ಅದನ್ನ ಹದಿನಾರು ಘನ ಅಡಿಲಿ ತುರುಕೋಕೆ ಸಾಧ್ಯಾನೇ ಇಲ್ಲ. ಗ್ಯಾರೇಜ್ ಇರೋ ಮನೆ ಆದ್ರೆ ಮೊದ್ಲು ಅಳತೆ ಹಿಡೀರಿ, ಇವೆಲ್ಲ ಹದಿನೇಳು ಅಡಿ ಉದ್ದ.

ನಾಲ್ಕರಲ್ಲಿ ಯಾವ್ದು ಅಂದ್ರೆ, ಸಿಯೆನ್ನಾ 2021ರ ಮಾಡೆಲ್‌ನಿಂದ ಬರೀ ಹೈಬ್ರಿಡ್, ಗ್ಯಾಲನ್ನಿಗೆ 36 ಮೈಲಿ, ಒಡಿಸ್ಸಿ 22. ವರ್ಷಕ್ಕೆ 12,000 ಮೈಲಿ ಓಡಿಸಿದ್ರೆ ಹತ್ತಿರ ಹತ್ತಿರ 210 ಗ್ಯಾಲನ್ ಉಳಿತಾಯ, ಮೂರೂವರೆ ಡಾಲರ್ ಲೆಕ್ಕಕ್ಕೆ 740 ಡಾಲರ್. ಹಾಗಂತ ಸಿಯೆನ್ನಾ ಓಡಿಸೋಕೆ ಖುಷಿ ಕೊಡತ್ತೆ ಅಂತ ನಾನು ಹೇಳಲ್ಲ, ಹೈವೇಗೆ ಸೇರೋವಾಗ ಎಕ್ಸಲರೇಟರ್ ಒತ್ತಿದ್ರೆ ಇಂಜಿನ್ ಒಂದೇ ಸಮ ಅರಚತ್ತೆ, ಒಡಿಸ್ಸಿಯ ಆರು ಸಿಲಿಂಡರ್ ಅಲ್ಲಿ ತುಂಬಾ ಸಲೀಸು. ಇನ್ನೊಂದು, ಸಿಯೆನ್ನಾದ ಎರಡನೇ ಸಾಲಿನ ಸೀಟ್ ಬಿಚ್ಚೋ ಹಾಗಿಲ್ಲ, ಅದ್ರೊಳಗೆ ಏರ್‌ಬ್ಯಾಗ್ ಇದೆ, ಒಡಿಸ್ಸಿದು ಬಿಚ್ಚಬಹುದು, ಪೆಟ್ರೋಲ್ ಪೆಸಿಫಿಕಾದಲ್ಲಿ ಸೀಟೇ ನೆಲದೊಳಗೆ ಮಡಚಿ ಹೋಗತ್ತೆ, ಮನೆ ಬದಲಾಯಿಸೋ ಯೋಚ್ನೆ ಇರೋರಿಗೆ ಅದೊಂದು ದೊಡ್ಡ ಅನುಕೂಲ. ಪೆಸಿಫಿಕಾ ಪ್ಲಗ್-ಇನ್ (ಕರೆಂಟಿಗೆ ಸಿಕ್ಕಿಸಿ ಚಾರ್ಜ್ ಮಾಡೋ ಹೈಬ್ರಿಡ್) ಒಂದು ಚಾರ್ಜಲ್ಲಿ 32 ಮೈಲಿ ಹೋಗತ್ತೆ, ಆದ್ರೆ 7,500 ಡಾಲರ್ ಟ್ಯಾಕ್ಸ್ ಕ್ರೆಡಿಟ್ 2025ರ ಸೆಪ್ಟೆಂಬರ್ 30ಕ್ಕೇ ಮುಗೀತು, ಇನ್ನೂ ಸಿಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಸೆಕೆಂಡ್ ಹ್ಯಾಂಡ್ ಪ್ಲಗ್-ಇನ್ ನೋಡೋದಾದ್ರೆ 2017, 18ರ ಗಾಡಿಗಳಿಗೆ ಬೆಂಕಿ ಅಪಾಯ ಅಂತ 2022ರಲ್ಲಿ ರೀಕಾಲ್ ಆಗಿತ್ತು, ಗಾಡಿಯ ವಿಐಎನ್ ನಂಬರ್ (ಪ್ರತಿ ಗಾಡಿಗೂ ಇರೋ ಗುರುತಿನ ಸಂಖ್ಯೆ) ಹಾಕಿ ಸರ್ಕಾರದ ರಸ್ತೆ ಸುರಕ್ಷತೆ ಇಲಾಖೆ ಎನ್‌ಎಚ್‌ಟಿಎಸ್‌ಎ ಸೈಟಲ್ಲಿ ನೋಡ್ದೇ ಮುಂದುವರೀಬೇಡಿ.

ಸೇಫ್ಟಿ ಬಗ್ಗೆ "ಎಲ್ಲದಕ್ಕೂ ಫೈವ್ ಸ್ಟಾರ್ ಇದೆ ಬಿಡಿ" ಅಂತಾರೆ, ಅಷ್ಟಕ್ಕೆ ಸುಮ್ನಾಗ್ಬೇಡಿ. 2023ರ ಕೊನೇಲಿ ಐಐಎಚ್‌ಎಸ್ (ವಿಮಾ ಕಂಪನಿಗಳ ದುಡ್ಡಲ್ಲಿ ಗಾಡಿಗಳ ಸುರಕ್ಷತೆ ಪರೀಕ್ಷೆ ಮಾಡೋ ಸಂಸ್ಥೆ) ನವರು ಹಿಂದಿನ ಸೀಟಲ್ಲಿ ಕೂತವರಿಗೆ ಏನಾಗತ್ತೆ ಅಂತ ಈ ನಾಲ್ಕೂ ವ್ಯಾನ್ ಡಿಕ್ಕಿ ಹೊಡೆಸಿ ನೋಡಿದ್ರು, ಒಂದೂ ಚೆನ್ನಾಗಿ ಪಾಸಾಗ್ಲಿಲ್ಲ, ಮೂರಕ್ಕೆ ಮಾರ್ಜಿನಲ್, ಒಡಿಸ್ಸಿಗೆ ಎಲ್ಲಕ್ಕಿಂತ ಕೆಳಗಿನ ಪೂರ್. ಮಕ್ಕಳೂ ಅಜ್ಜಿನೂ ಕೂರೋ ಜಾಗ ಅದು. ಕಂಪನಿಗಳು ಆಮೇಲೆ ಬದಲಾವಣೆ ಮಾಡ್ತಾ ಇರ್ತವೆ, ಹಾಗಾಗಿ ನೀವು ತಗೊಳ್ಳೋ ವರ್ಷದ ಮಾಡೆಲ್‌ದೇ ರೇಟಿಂಗ್ ತೆಗೆದು ಓದಿ.

ಹಿಮಕ್ಕೆ ಆಲ್ ವೀಲ್ ಡ್ರೈವ್ ಬೇಕೇ ಬೇಕು ಅಂತ ಡೀಲರ್ ಹೆದರಿಸ್ತಾರೆ. ಶಿಕಾಗೋ ಸುತ್ತಮುತ್ತ ನೆಲ ಚಪ್ಪಟೆ, ಉಪ್ಪು ಹಾಕಿ ರಸ್ತೆ ಬೇಗ ಕ್ಲಿಯರ್ ಮಾಡ್ತಾರೆ. ಗಾಡಿ ಹೊರಡೋಕೆ ಆಲ್ ವೀಲ್ ಸಹಾಯ ಮಾಡತ್ತೆ, ನಿಲ್ಲೋಕೆ ಅಲ್ಲ, ಆ ದುಡ್ಡಿಗೆ ಒಳ್ಳೆ ವಿಂಟರ್ ಟೈರ್ ಹಾಕ್ಸಿ.

ಈಗ ಹೊಸದು ಯಾಕೆ ಈ ವರ್ಷ ಬೇಡ ಅಂದೆ ಅಂದ್ರೆ, ಏಳು ತಿಂಗಳ ಕ್ರೆಡಿಟ್ ಹಿಸ್ಟರಿಗೆ ಒಳ್ಳೆ ಬಡ್ಡಿ ಸಿಗಲ್ಲ. ವ್ಯಾನ್ ಬೆಲೆ 40 ಸಾವಿರ ಆಚೀಚೆ, ಮೇಲಿನ ಮಾಡೆಲ್‌ಗಳು 50 ದಾಟ್ತವೆ, ಟ್ಯಾಕ್ಸ್ ಬೇರೆ. 40 ಸಾವಿರ ಲೋನ್ ಐದು ವರ್ಷಕ್ಕೆ 10 ಪರ್ಸೆಂಟ್ ಆದ್ರೆ ತಿಂಗಳಿಗೆ 850, ಒಟ್ಟು ಬಡ್ಡಿನೇ ಸುಮಾರು 11 ಸಾವಿರ. ಕ್ರೆಡಿಟ್ ಸ್ಕೋರ್ ಏರಿದ್ಮೇಲೆ ಕ್ರೆಡಿಟ್ ಯೂನಿಯನ್ನಲ್ಲಿ (ಸದಸ್ಯರೇ ಒಡೆಯರಾಗಿರೋ ಸಹಕಾರಿ ಬ್ಯಾಂಕ್ ಥರ) 6 ಪರ್ಸೆಂಟಿಗೆ ಸಿಕ್ಕಿದ್ರೆ ತಿಂಗಳಿಗೆ 773, ಬಡ್ಡಿ 6,400. ನಾಲ್ಕೂವರೆ ಸಾವಿರ ಡಾಲರ್ ಅಂದ್ರೆ ನಿಮ್ಮ ನಾಲ್ಕು ಜನಕ್ಕೂ ಊರಿಗೆ ಹೋಗಿ ಬರೋ ಟಿಕೆಟ್ಟಿನ ಬಹುಪಾಲು. ಮೇಲಾಗಿ ನೀವು ಎಚ್-1ಬಿ ಕೆಲಸದ ವೀಸಾಲಿ ಇದ್ದೀರಿ, ಕೆಲವು ಬ್ಯಾಂಕ್‌ನವರು ವೀಸಾ ಎಷ್ಟು ದಿನ ಇದೆಯೋ ಅಷ್ಟಕ್ಕೇ ಲೋನ್ ಅವಧಿ ನಿಲ್ಲಿಸ್ತಾರೆ, ಆಗ ಕಂತು ಇನ್ನೂ ಮೇಲೆ ಹೋಗತ್ತೆ. ಕೆಲಸ ಹೋದ್ರೆ ಬೇರೆ ಕೆಲಸ ಹುಡುಕೋಕೋ ದೇಶ ಬಿಡೋಕೋ 60 ದಿನದ ಗ್ರೇಸ್ ಅಷ್ಟೇ ಅನ್ನೋದು ನಿಮಗೂ ಗೊತ್ತು, ಅಂಥ ಹೊತ್ತಲ್ಲಿ ಮಾರೋಕೆ ಹೋದ್ರೆ ಗಾಡಿ ಬೆಲೆಗಿಂತ ಸಾಲಾನೇ ಜಾಸ್ತಿ ಉಳಿದಿರಬಹುದು. ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ, ಮಕ್ಕಳಿಬ್ರು ಇರೋ ಮನೆ, ಮೊದಲನೇ ವರ್ಷ ಕೈಲಿ ದುಡ್ಡು ಇರೋದು ಮುಖ್ಯ.

ಹಾಗಾದ್ರೆ ಬೇಸಿಗೆಗೆ ಏನ್ ಮಾಡೋದು? ಆರೂ ಜನ ಒಟ್ಟಿಗೆ ಹೊರಡೋದು ಯಾವಾಗ ಅಂತ ಕೂತು ಲೆಕ್ಕ ಹಾಕಿ. ವಾರದ ದಿನ ನೀವು ಆಫೀಸು, ಮಗಳು ಸ್ಕೂಲು ಇಲ್ಲಾ ಕ್ಯಾಂಪು, ಕ್ಯಾಮ್ರಿ ಸಾಕು. ಏರ್‌ಪೋರ್ಟು, ನಯಾಗರಾ (ಇಲ್ಲಿಂದ 500 ಮೈಲಿ ಮೇಲೆ, ಅಪ್ಪ ಅಮ್ಮ ಬಂದ್ಮೇಲೆ ಅದು ತಪ್ಪಲ್ಲ), ಒಂದೆರಡು ಊರು ಸುತ್ತೋದು, ಅವಕ್ಕೆ ಮಿನಿವ್ಯಾನ್ ಬಾಡಿಗೆಗೆ ತಗೊಳ್ಳಿ. ಒಂದ್ಸಲ ಸಿಯೆನ್ನಾ ಕೇಳಿ, ಇನ್ನೊಂದ್ಸಲ ಪೆಸಿಫಿಕಾ, ಹತ್ತು ನಿಮಿಷದ ಟೆಸ್ಟ್ ಡ್ರೈವಲ್ಲಿ ಗೊತ್ತಾಗದೇ ಇರೋದು ಒಂಬತ್ತು ಗಂಟೆ ದಾರಿಲಿ ಗೊತ್ತಾಗತ್ತೆ, ಅಮ್ಮಂಗೆ ಯಾವ್ದು ಹಿತ ಅಂತ ಅವರೇ ಹೇಳ್ತಾರೆ. ಅಷ್ಟರಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ಟೈಮಿಗೆ ಕಟ್ತಾ ಸ್ಕೋರ್ ಬೆಳೆಸ್ಕೊಳ್ಳಿ.

ಮುಂದಿನ ವರ್ಷ ತಗೊಳ್ಳೋವಾಗ ಸಿಯೆನ್ನಾ ಆದ್ರೆ ಹೊಸದೇ ತಗೊಳ್ಳಿ, ಮೂರು ವರ್ಷ ಹಳೇದಕ್ಕೂ ಬೆಲೆ ಅಷ್ಟೇನೂ ಇಳಿದಿರಲ್ಲ. ಪೆಸಿಫಿಕಾ ಆದ್ರೆ ಎರಡು ಮೂರು ವರ್ಷ ಹಳೇದು ನೋಡಿ, ಅದು ಬೇಗ ಬೆಲೆ ಕಳ್ಕೊಳ್ಳತ್ತೆ, ಅದೇ ನಿಮ್ಮ ಲಾಭ. ಡೀಲರ್ ಹತ್ರ ತಿಂಗಳಿಗೆ ಎಷ್ಟಾಗತ್ತೆ ಅನ್ನೋ ಮಾತೇ ಎತ್ತಬೇಡಿ, ಎಲ್ಲಾ ಸೇರಿ ಔಟ್ ದ ಡೋರ್ ಪ್ರೈಸ್ ಎಷ್ಟು ಅಂತ ನಾಲ್ಕೈದು ಕಡೆಯಿಂದ ಈಮೇಲಲ್ಲಿ ತರ್ಸಿ. ಎಂಎಸ್‌ಆರ್‌ಪಿ (ಕಂಪನಿ ಸೂಚಿಸಿದ ಬೆಲೆ) ಮೇಲೆ ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಅಂತ ಸೇರಿಸಿದ್ರೆ ಎದ್ದು ಬನ್ನಿ, ಪೇಂಟ್ ಪ್ರೊಟೆಕ್ಷನ್ನು, ಟೈರಿಗೆ ನೈಟ್ರೋಜನ್ನು ಏನೂ ಬೇಡ ಅನ್ನಿ.

ನೀವು ಯಾವ ಕಡೆ ಇದ್ದೀರಿ ಅಂತ ಬರೆದಿಲ್ಲ. ನೇಪರ್ವಿಲ್, ಅರೋರಾ ಹತ್ರ ಇದ್ರೆ ಒಂದು ಶನಿವಾರ ಮಕ್ಕಳನ್ನೂ ಮನೆಯವರನ್ನೂ ಕರ್ಕೊಂಡು ನಮ್ಮನೆಗೆ ಊಟಕ್ಕೆ ಬನ್ನಿ, ಕಾರ್ ಸೀಟ್ ತನ್ನಿ, ನಮ್ಮ ಗಾಡಿಲೇ ಹಾಕಿ ನೋಡಿ, ಅವರು ಮೂರನೇ ಸಾಲಲ್ಲಿ ಕೂತು ಹೇಳಲಿ.