ಮೂರು ಗಂಟೆ ಕೂರಿಸಿ ಕೇಳಿದ್ದು ತಪ್ಪೇ?

ಪತ್ರ: ಟಿಬೋರ್ ನವ್ರಚಿಚ್ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ಹಂಗೇರಿಯ ಉಪಪ್ರಧಾನಿಯಾಗಿದ್ದವರನ್ನು ಯುರೋಪಿಯನ್ ಒಕ್ಕೂಟದ ಆಯುಕ್ತರನ್ನಾಗಿ (ಒಕ್ಕೂಟಕ್ಕೆ ಮಂತ್ರಿ ಇದ್ದ ಹಾಗೆ) ಮಾಡುವ ಮೊದಲು ಯುರೋಪಿಯನ್ ಸಂಸತ್ತಿನವರು ಶಾಲೆ ಹುಡುಗನ ಹಾಗೆ ಕೂರಿಸಿ ಪ್ರಶ್ನೆ ಕೇಳಿದರಲ್ಲ, ಸಣ್ಣ ದೇಶಕ್ಕೆ ಇದು ಅವಮಾನ ಅಲ್ವಾ?
- ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲೂ ಪಕ್ಷಗಳ ಲೆಕ್ಕಾಚಾರ ಇದ್ದೇ ಇರುತ್ತದೆ. ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಅಷ್ಟೇ. ಇನ್ನು ಜಗಳ ಆಡೋಣ.

ಆ ಪ್ರಶ್ನೆಗಳು ಸುಮ್ನೆ ಬಂದವಲ್ಲ. 2010ರಿಂದ ನಾಲ್ಕು ವರ್ಷ ನವ್ರಚಿಚ್, ಹಂಗೇರಿಯ ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಸರ್ಕಾರದಲ್ಲಿ ಉಪಪ್ರಧಾನಿ, ಜೊತೆಗೆ ಆಡಳಿತ ಮತ್ತು ನ್ಯಾಯ ಖಾತೆ. ಆ ಕಾಲದಲ್ಲೇ ನ್ಯಾಯಾಧೀಶರ ನಿವೃತ್ತಿ ವಯಸ್ಸು 70ರಿಂದ 62ಕ್ಕೆ ಇಳಿಯಿತು. ಅದು ತಪ್ಪೆಂದು 2012ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಇಂಥವರಿಗೆ 2014ರಲ್ಲಿ ಶಿಕ್ಷಣ, ಸಂಸ್ಕೃತಿಯ ಜೊತೆ ‘ಪೌರತ್ವ’ವನ್ನೂ ಕೊಡಲು ಹೊರಟರೆ ಯಾರಾದರೂ ಎರಡು ಮಾತು ಕೇಳಬೇಡವೇ? ಸಂಸತ್ತಿನ ಸಮಿತಿ ಎಲ್ಲರೆದುರೇ ಕೇಳಿತು. ಆಯುಕ್ತರಾಗಲು ಅಡ್ಡಿಯಿಲ್ಲ, ಈ ಖಾತೆ ಮಾತ್ರ ಬೇಡ ಅಂದಿತು. ಕೊನೆಗೆ ಪೌರತ್ವವನ್ನು ಕಿತ್ತು ಗ್ರೀಸ್‌ನವರಿಗೆ ಕೊಟ್ಟರು. ಉಳಿದದ್ದು ಇವರಿಗೇ ಸಿಕ್ಕಿತು.

ಸಣ್ಣ ದೇಶ ಅಂದಿರಿ. 2019ರಲ್ಲಿ ಆಯುಕ್ತರ ಹುದ್ದೆಗೆ ಫ್ರಾನ್ಸ್ ಕಳಿಸಿದ ಸಿಲ್ವಿ ಗುಲಾರ್ ಅವರಿಗೆ ಬಿದ್ದ ಮತ ಪರವಾಗಿ 29, ವಿರುದ್ಧ 82. ಫ್ರಾನ್ಸ್ ಸಣ್ಣದೇ? ಓರ್ಬಾನ್ ಕಡೆಯವರನ್ನೇ ಹಿಡಿಯುತ್ತಾರೆ ಅನ್ನುವಂತೆಯೂ ಇಲ್ಲ. 2004ರಲ್ಲಿ ಹಂಗೇರಿಯ ಲಾಸ್ಲೋ ಕೋವಾಚ್ ಇಂಧನ ಖಾತೆಗೆ ಹೋಗಿ, ವಿಷಯ ಗೊತ್ತಿಲ್ಲ ಅನ್ನಿಸಿಕೊಂಡು ತೆರಿಗೆ ಖಾತೆಗೆ ಸರಿದರು. ಅವರು ಸಮಾಜವಾದಿ, ಓರ್ಬಾನ್‌ಗೆ ಎದುರಾಳಿ.

ಕರಡು ತಿದ್ದುವ ಕೆಲಸಕ್ಕೆ ಸೇರುವಾಗ ನನ್ನನ್ನೂ ಅರ್ಧ ದಿನ ಕೂರಿಸಿದ್ದರು. ಅಲ್ಪಪ್ರಾಣ, ಮಹಾಪ್ರಾಣದ್ದೇ ನಲವತ್ತು ಪದ. ಅವಮಾನ ಅನ್ನಿಸಲಿಲ್ಲ. ಹೊಟ್ಟೆ ಹಸಿದಿತ್ತು, ಅದು ಬೇರೆ ಮಾತು. ಒತ್ತಕ್ಷರ ತಿದ್ದುವವನಿಗೆ ಇಷ್ಟು ಪರೀಕ್ಷೆಯಾದರೆ, ಒಂದು ಖಂಡದ ಮಕ್ಕಳ ಓದು ನೋಡಿಕೊಳ್ಳುವವರಿಗೆ ಮೂರು ಗಂಟೆ ಜಾಸ್ತಿಯಾಯಿತೇ?

ನವ್ರಚಿಚ್ ಕೂಡ ಮುನಿಸಿಕೊಂಡು ಮನೆಗೆ ಹೋಗಲಿಲ್ಲ, ನೋಡಿ. ಐದು ವರ್ಷ ಎರಾಸ್ಮಸ್ ನೋಡಿಕೊಂಡರು. ಒಂದು ದೇಶದ ವಿದ್ಯಾರ್ಥಿ ಇನ್ನೊಂದು ದೇಶದಲ್ಲಿ ಕೆಲಕಾಲ ಓದಿ ಬರುವ ಯೋಜನೆ ಅದು. 18 ತುಂಬಿದವರಿಗೆ ರೈಲಿನ ಪಾಸು ಕೊಟ್ಟು ಯುರೋಪ್ ಸುತ್ತಿಸುವ ಯೋಜನೆಯೂ 2018ರಲ್ಲಿ ಅವರ ಕಾಲದಲ್ಲೇ ಶುರುವಾಯಿತು.

ನನಗೆ ರುಚಿಸುವುದು ಮುಂದಿನ ಕಥೆ. 2022ರಲ್ಲಿ ಅವರು ಮತ್ತೆ ಓರ್ಬಾನ್ ಸಂಪುಟಕ್ಕೆ ಬಂದರು, ಯುರೋಪಿನ ಹಣ ತರುವ ಮಂತ್ರಿಯಾಗಿ. ಅದೇ ಡಿಸೆಂಬರ್‌ನಲ್ಲಿ ಒಕ್ಕೂಟ ಹಂಗೇರಿಗೆ ಬರಬೇಕಿದ್ದ 630 ಕೋಟಿ ಯೂರೋ ತಡೆಹಿಡಿಯಿತು. ಅಲ್ಲಿ ಟ್ರಸ್ಟುಗಳ ಕೈಗೆ ಹೋಗಿದ್ದ ವಿಶ್ವವಿದ್ಯಾಲಯಗಳಿಗೆ ಎರಾಸ್ಮಸ್‌ನ ಹೊಸ ಹಣವೂ ಇಲ್ಲ ಅಂದಿತು. ಕಾರಣ, ಆ ಟ್ರಸ್ಟುಗಳ ಮಂಡಳಿಗಳಲ್ಲಿ ಮಂತ್ರಿಗಳೇ ಕೂತಿದ್ದರು. ತಾವೇ ಐದು ವರ್ಷ ನಡೆಸಿದ ಯೋಜನೆಯ ಬಾಗಿಲನ್ನು ತಮ್ಮ ದೇಶದ ಹುಡುಗರಿಗೆ ತೆರೆಸಲು ನವ್ರಚಿಚ್ ಬ್ರಸೆಲ್ಸ್‌ಗೆ ಅಲೆಯಬೇಕಾಯಿತು.

ಇಂಥದ್ದೆಲ್ಲ ನಮ್ಮ ಪತ್ರಿಕೆಗಳಲ್ಲಿ ಎಲ್ಲಿ ಬರುತ್ತದೆ ಹೇಳಿ? ಹಂಗೇರಿ ಅಂದರೆ ಓರ್ಬಾನ್ ಫೋಟೋ, ಕೆಳಗೆ ನಾಲ್ಕು ಸಾಲು. ಬೇರೆಯವರನ್ನು ಬೈಯುವುದೇಕೆ? ಕಳೆದ ಸಂಚಿಕೆಯಲ್ಲಿ ಎರಾಸ್ಮಸ್ ಭಾಗ ಪೂರ್ತಿ ಇತ್ತು. ಮುದ್ರಣಕ್ಕೆ ಹೋಗುವ ರಾತ್ರಿ ಕುಕ್ಕರ್ ಜಾಹೀರಾತು ಬಂತು. ಕತ್ತರಿ ಹಾಕಿದ್ದು ನಾನೇ.