ನಿದ್ದೆ ಮಾಡುವುದು ರೋಗಿ, ದೇಹವಲ್ಲ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ಲ್ಯಾಪರೋಸ್ಕೋಪಿಗೆ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್) ಮುಂಚೆ ಕೊಡುವ ನಿದ್ದೆ ಔಷಧಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಲು ಮನಸ್ಸೂ ಇಲ್ಲ. ಓಟಿಯಲ್ಲಿ ಅನಸ್ತೇಶಿಯಾ ಟೆಕ್ನಿಷಿಯನ್ ಆಗಿ ನೀವು ಕಣ್ಣಾರೆ ಕಂಡದ್ದನ್ನು ಕನ್ನಡದಲ್ಲಿ ಬರೆಯುವವರು ತುಂಬಾ ಕಡಿಮೆ.

ಸುಶ್ರುತನಿಂದ ಶುರುವಾಗುವ ಮೊದಲ ಎರಡು ಪ್ಯಾರಾ ಬೇಡ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಈ ವಿಧಾನದಲ್ಲಿ ಮೊದಲ ಸಲ ಪಿತ್ತಕೋಶ ತೆಗೆದರು ಎಂಬ ಸಾಲು ಮಾತ್ರ ಇರಲಿ.

ದೊಡ್ಡ ತೊಡಕು ಮೂರನೇ ಪ್ಯಾರಾದಲ್ಲಿದೆ. "ಮಾತ್ರೆ ಕೊಟ್ಟು ಮಲಗಿಸಿದರೆ ದೇಹಕ್ಕೆ ಏನೂ ಗೊತ್ತಾಗುವುದಿಲ್ಲ" ಎಂದಿದ್ದೀರಿ. ಇದು ತಪ್ಪು. ಗೊತ್ತಾಗದಿರುವುದು ರೋಗಿಗೆ. ದೇಹಕ್ಕೆ ಚೆನ್ನಾಗಿಯೇ ಗೊತ್ತಾಗುತ್ತದೆ. ಹೇಳಬೇಕಾದ ವಿಷಯವೇ ಅದು, ಅಲ್ವಾ? ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸದಷ್ಟು. ಉಬ್ಬಿದ ಹೊಟ್ಟೆ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ಮೇಲಕ್ಕೆ ದೂಡುತ್ತದೆ, ದೊಡ್ಡ ರಕ್ತನಾಳಗಳನ್ನು ಅದುಮುತ್ತದೆ. ಪಿತ್ತಕೋಶದ ಆಪರೇಷನ್‌ನಲ್ಲಿ ತಲೆಭಾಗ ಎತ್ತಿರುತ್ತಾರೆ, ಹೃದಯಕ್ಕೆ ವಾಪಸ್ ಬರುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಗ್ಯಾಸ್ ಸ್ವಲ್ಪ ಸ್ವಲ್ಪವೇ ರಕ್ತಕ್ಕೂ ಸೇರುತ್ತದೆ. ಆಗ ಅಡ್ರಿನಲಿನ್, ನಾರ್‌ಅಡ್ರಿನಲಿನ್, ವಾಸೋಪ್ರೆಸಿನ್ ಎಂಬ ಹಾರ್ಮೋನುಗಳು ಏರುತ್ತವೆ. ರಕ್ತನಾಳಗಳು ಬಿಗಿಯುತ್ತವೆ. ರೋಗಿ ಅಲುಗಾಡುವುದಿಲ್ಲ, ಮಾನಿಟರ್‌ನಲ್ಲಿ ಬಿಪಿ ಮಾತ್ರ ಮೇಲಕ್ಕೆ ಹೋಗುತ್ತಿರುತ್ತದೆ. ಗಟ್ಟಿಮುಟ್ಟಾದವರು ತಡೆದುಕೊಳ್ಳುತ್ತಾರೆ. ಹೃದಯದ ತೊಂದರೆ ಇರುವವರಿಗೆ ಇದು ಜಾಸ್ತಿ ಹೊರೆ.

ಇನ್ನೊಂದು, ಎಲ್ಲ ಔಷಧಿಗಳನ್ನೂ ಒಂದೇ ಸಾಲಿಗೆ ಸೇರಿಸಿದ್ದೀರಿ. ಅಲ್ಪ್ರಜೋಲಾಮ್, ಮಿಡಜೋಲಾಮ್ ಭಯ ಕಳೆದು ನಿದ್ದೆ ತರುತ್ತವೆ. ಗ್ಯಾಸ್ ತುಂಬಿದಾಗ ಏರುವ ಬಿಪಿಗೆ ಅವನ್ನೇ ನಂಬಿ ಕೂರಲಾಗದು. ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್ ದಾರಿಯೇ ಬೇರೆ. ನರಗಳು ನಾರ್‌ಅಡ್ರಿನಲಿನ್ ಬಿಡುವುದನ್ನೇ ಅವು ತಗ್ಗಿಸುತ್ತವೆ. ಅದಕ್ಕೇ ಬಿಪಿ, ನಾಡಿ ಎರಡೂ ಹಿಡಿತದಲ್ಲಿರುತ್ತವೆ, ಅರಿವಳಿಕೆ ಔಷಧಿಯೂ ಕಡಿಮೆ ಸಾಕಾಗುತ್ತದೆ. ಆದರೆ ನಾಡಿ ತೀರಾ ಇಳಿಯುವ ಭಯವಿದೆ. ಗ್ಯಾಸ್ ತುಂಬುವಾಗ ಹೊಟ್ಟೆಯ ಒಳಪೊರೆ ಹಿಗ್ಗಿ, ಹೃದಯ ಬಡಿತವನ್ನು ನಿಧಾನಿಸುವ ವೇಗಸ್ ನರ ಕೆರಳಿ, ನಾಡಿ ತಾನಾಗಿಯೂ ಇಳಿಯುವುದುಂಟು. ಎರಡೂ ಒಟ್ಟಿಗೆ ಬಂದರೆ ಏನಾಗುತ್ತದೆ ಎಂದು ನೀವೇ ಐದನೇ ಪ್ಯಾರಾದಲ್ಲಿ ತೋರಿಸಿದ್ದೀರಿ: ಮಾನಿಟರ್‌ನ ಬೀಪ್ ನಿಧಾನವಾಗುತ್ತದೆ, ಅರಿವಳಿಕೆ ಡಾಕ್ಟರ್ "ಗ್ಯಾಸ್ ಬಿಡಿ" ಎನ್ನುತ್ತಾರೆ, ಸರ್ಜನ್ ತಕ್ಷಣ ಗ್ಯಾಸ್ ಹೊರಬಿಡುತ್ತಾರೆ, ನೀವು ನಾಡಿ ಏರಿಸುವ ಅಟ್ರೋಪಿನ್ ಔಷಧಿಯ ಸಿರಿಂಜ್ ಕೊಡುತ್ತೀರಿ. ಓದುವಾಗ ನನ್ನ ಉಸಿರು ಬಿಗಿಯಾಯಿತು. ಲೇಖನ ಅಲ್ಲಿಂದಲೇ ಶುರುವಾಗಲಿ.

"ಬಿಪಿ ಇರುವವರು ಕ್ಲೋನಿಡಿನ್ ಕೇಳಿ ಪಡೆಯಿರಿ" ಎಂಬ ಕೊನೆಯ ಸಲಹೆಯನ್ನು ದಯವಿಟ್ಟು ತೆಗೆಯಿರಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಓದಿದವರಲ್ಲಿ ಯಾರಾದರೂ ಮೆಡಿಕಲ್ ಶಾಪ್‌ನಿಂದ ತಂದು ನುಂಗಿಬಿಡಬಹುದು. ದಿನಾ ಅದನ್ನು ತಗೊಳ್ಳುವವರು ಒಮ್ಮೆಲೇ ಬಿಟ್ಟರೂ ಬಿಪಿ ಸರ್ರನೆ ಏರುತ್ತದೆ. ಅದರ ಬದಲು, ಆಪರೇಷನ್‌ಗೆ ಮುಂಚಿನ ಫಿಟ್‌ನೆಸ್ ಚೆಕಪ್ಪಿಗೆ ಹೋದಾಗ ಡಾಕ್ಟರಿಗೆ ಏನೇನು ಹೇಳಬೇಕು ಎಂದು ಬರೆಯಿರಿ. ದಿನಾ ನುಂಗುವ ಮಾತ್ರೆಗಳ ಹೆಸರು, ನಾಡಿ ನಿಧಾನ ಇದೆ ಎಂದು ಯಾರಾದರೂ ಹೇಳಿದ್ದರೆ ಅದು, ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ಕಟ್ಟುವುದಿದ್ದರೆ ಅದು. ಆಪರೇಷನ್ ದಿನ ಬೆಳಿಗ್ಗೆ ಯಾವ ಬಿಪಿ ಮಾತ್ರೆ ತಗೊಳ್ಳಬೇಕು, ಯಾವುದು ಬೇಡ ಎಂದು ಅವರೇ ತೀರ್ಮಾನಿಸುತ್ತಾರೆ.

ತಿದ್ದಿದ ಪ್ರತಿಯನ್ನು ನಿಮ್ಮ ಆಸ್ಪತ್ರೆಯ ಅರಿವಳಿಕೆ ಡಾಕ್ಟರೊಬ್ಬರಿಗೆ ತೋರಿಸಿ, ಆಮೇಲೆ ನನಗೆ ಕಳಿಸಿ. ಕಾಯುತ್ತಿರುತ್ತೇನೆ.